ಹಿತ್ತಿಲ ಹಸಿರು: ಹಳದಿ ಹೂವಿನ ಹಾಸು

ನಮ್ಮ ಬಾವಿಕಟ್ಟೆಯ ಬದಿಯಲ್ಲಿ ಅತ್ತೆಯವರು ಬೆಳೆಸಿದ್ದ ಒಂದೆಲಗದ ಪಾತಿಯೊಂದಿತ್ತು. ತುಳುವಿನಲ್ಲಿ ಅದೇ ತಿಮರೆ. ಬೇಸಗೆಯ ಊಟಕ್ಕೆ ಅದರ ತಂಬುಳಿಯೇ ಶೋಭೆ. ಪಕ್ಕದ ಬರಿನೆಲವನ್ನು ಮುಚ್ಚಲೆಂದು ಹಳದಿ ಹೂವಿನ ವೆಡೇಲಿಯಾದ ನಾಲ್ಕು ತುಂಡುಗಳನ್ನು ನಾನೇ ನೆಟ್ಟೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ತಿಮರೆ ಕಾಣದಾಯಿತು.

ಮಧ್ಯ ಅಮೆರಿಕದ ಕಡೆಯ ಈ ಬಳ್ಳಿಯು ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಸೇರಿದೆ. ನೆಲಕ್ಕೆ ತಾಗಿದ ಗೆಣ್ಣುಗೆಣ್ಣಿನಲ್ಲಿಯೂ ಬೇರು ಬಿಡುವುದೇ ಇದರ ಗುಟ್ಟು. ಆದುದರಿಂದ ಮೇಲೆ ಕತ್ತರಿಸಿದರೆ ಸಾಲದು. ತುಂಡೊಂದು ಉಳಿದರೂ ಮಂಗಳೂರಿನ ಮಳೆಗೆ ಮತ್ತೆ ಚಿಗುರುತ್ತದೆ.

ವಾಚಕರೇ, ಮಾಡಬೇಕಾದುದಿಷ್ಟು: ಮಳೆ ಹಿಂದೆಗೆದು ನೆಲವಿನ್ನೂ ಮೆತ್ತಗಿರುವಾಗ ಬೇರುಸಹಿತ ಕೀಳಿರಿ. ಕಿತ್ತುದನ್ನು ತೋಡಿಗೆ ಎಸೆಯದಿರಿ, ಹಸಿಯಾಗಿ ಗೊಬ್ಬರದ ಗುಂಡಿಗೂ ಹಾಕದಿರಿ. ಕಲ್ಲುಹಾಸಿನ ಮೇಲೆ ಗರಿಗರಿಯಾಗುವವರೆಗೆ ಒಣಗಿಸಿರಿ. ಹದಿನೈದು ದಿನಕ್ಕೊಮ್ಮೆ ಹೊಸ ಚಿಗುರನ್ನು ಹುಡುಕಿ ತೆಗೆಯಿರಿ. ಹೂ ಚೆನ್ನಾಗಿದೆಯೆಂದು ಯಾರಾದರೂ ತುಂಡು ಬೇಡಿದರೆ ನಯವಾಗಿ ಇಲ್ಲವೆನ್ನಿರಿ.

ಎರಡು ವರ್ಷ ಹೀಗೆ ದುಡಿದ ಮೇಲೆ, ನೆರೆಮನೆಯಿಂದ ತಂದ ತಿಮರೆ ಮತ್ತೆ ಹಿಡಿದಿದೆ. ಅದೂ ಹಬ್ಬುವ ಬಳ್ಳಿಯೇ; ಆದರೆ ಅದನ್ನು ಅಡಿಗೆಮನೆಯೇ ಹದ್ದಿನಲ್ಲಿಡುತ್ತದೆ. ಮೊನ್ನೆ ಅತ್ತೆಯವರು ಮೊದಲ ತಂಬುಳಿಯನ್ನು ಬಡಿಸಿದರು. ಹಳದಿ ಹೂವಿನ ಮಾತನ್ನು ಮಾತ್ರ ಎತ್ತಲಿಲ್ಲ.