ಬೆಟ್ಟದ ಚಳಿಯೂ ಬಯಲಿನ ಹುಡುಗರೂ

ಪರೀಕ್ಷೆಯ ಕೊನೆಯ ಪತ್ರಿಕೆ ಮುಗಿದ ಸಂಜೆ ನಂಜನಗೂಡಿನಲ್ಲೂ ತಿರುಮಕೂಡಲು ನರಸೀಪುರದಲ್ಲೂ ಎಷ್ಟೋ ಮನೆಗಳಲ್ಲಿ ಒಂದೇ ಬಗೆಯ ಮಾತುಕತೆ ನಡೆಯುತ್ತದೆ.

"ಅಪ್ಪಾ, ನಾವು ನಾಲ್ಕು ಜನ ಊಟಿಗೆ ಹೋಗ್ಬರ್ತೀವಿ. ಎರಡು ಗಾಡಿ. ಒಂದ್ ರಾತ್ರಿ ಟೆಂಟ್ ಹಾಕ್ಕೊಂಡು ಇರ್ತೀವಿ."

"ಯಾಕ್ಲಾ, ಊಟಿಗೆ ಬಸ್ಸಿಲ್ವಾ?"

"ಬಸ್ಸಲ್ಲಿ ಹೋದ್ರೆ ಏನಪ್ಪಾ ಮಜಾ?"

ಅಪ್ಪ ಮತ್ತೆ ಪೇಪರಿಗೆ ಮುಖ ಹಾಕುತ್ತಾರೆ. ಮಗ ಅಡುಗೆಮನೆಯ ಕಡೆ ನಡೆಯುತ್ತಾನೆ. ಅಮ್ಮನಿಗೆ ಮೊದಲು ನೆನಪಾಗುವುದು ಬಂಡೀಪುರದ ಆನೆ, ಅಪ್ಪನಿಗೆ ಗುಂಡ್ಲುಪೇಟೆ ರಸ್ತೆಯ ಲಾರಿ. ಎರಡು ಹೆದರಿಕೆಯೂ ನ್ಯಾಯವಾದದ್ದೇ. ಆದರೆ ನಮ್ಮ ಕಡೆಯವರು ಲೆಕ್ಕಕ್ಕೇ ತೆಗೆದುಕೊಳ್ಳದ ಮೂರನೆಯದೊಂದಿದೆ, ಅದು ಚಳಿ. ಮಾರ್ಚ್ ತಿಂಗಳಲ್ಲಿ ಕಪಿಲೆಯ ದಂಡೆಯಲ್ಲಿ ಬೆವರು ಒರೆಸಿಕೊಳ್ಳುತ್ತ ಕೂತವರಿಗೆ ಚಳಿಯ ಮಾತು ಎತ್ತಿದರೆ ನಗು ಬರುತ್ತದೆ. ಹುಡುಗರೂ ನಕ್ಕು, ಒಂದು ಟೀ ಷರ್ಟಿನಲ್ಲಿ ಹೊರಟುಬಿಡುತ್ತಾರೆ. (ಮಗ ಎಂದು ಬರೆದ ಕಡೆಯೆಲ್ಲ ಮಗಳು ಎಂದೂ ಓದಿಕೊಳ್ಳಬಹುದು. ಈಗ ಅವರೂ ಕೇಳುತ್ತಾರೆ, ಕೇಳಬೇಕಾದ್ದೇ.)

ಲೆಕ್ಕ ಸುಲಭ. ಹೈಸ್ಕೂಲಿನ ಭೂಗೋಳದ ಪಾಠವೇ ಸಾಕು. ಸಾವಿರ ಮೀಟರು ಮೇಲೇರಿದರೆ ಉಷ್ಣಾಂಶ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ನಂಜನಗೂಡು ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ, ಊಟಿ 2,240 ಮೀಟರ್. ನಡುವೆ 1,600 ಮೀಟರ್ ವ್ಯತ್ಯಾಸ. ಎಂದರೆ ಇಲ್ಲಿಗೂ ಅಲ್ಲಿಗೂ ಹತ್ತು ಡಿಗ್ರಿ ಅಂತರ, ಅದೂ ಒಂದೇ ಬೆಳಗಿನ ಪ್ರಯಾಣದಲ್ಲಿ. ದೊಡ್ಡಬೆಟ್ಟದ ನೆತ್ತಿ ಇನ್ನೂ ನಾನ್ನೂರು ಮೀಟರ್ ಮೇಲೆ, 2,637ರಲ್ಲಿದೆ. ಮಾರ್ಚಿನ ರಾತ್ರಿ ಊಟಿಯ ಉಷ್ಣಾಂಶ ಹತ್ತು ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ.

ಇದು ನಿಂತವನ ಲೆಕ್ಕ. ಗಾಡಿಯ ಮೇಲೆ ಕೂತವನದು ಬೇರೆ. ಹತ್ತು ಡಿಗ್ರಿ ಇರುವಾಗ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋದರೆ ಬರಿಯ ಚರ್ಮಕ್ಕೆ ಅದು ಆರು ಡಿಗ್ರಿಯ ಚಳಿಯಂತೆ ತಾಗುತ್ತದೆ, 60ರಲ್ಲಿ ಐದು ಡಿಗ್ರಿಯಂತೆ. ಮೈಗೆ ಅಂಟಿಕೊಂಡ ಬೆಚ್ಚನೆಯ ಗಾಳಿಯ ಪದರವನ್ನು ವೇಗ ಕಿತ್ತುಕೊಂಡು ಹೋಗುತ್ತದೆ, ಅಷ್ಟೆ. ಬಟ್ಟೆ ಒದ್ದೆಯಾಗಿದ್ದರೆ ಇನ್ನೂ ಕಷ್ಟ. ಯುಗಾದಿಯ ಆಸುಪಾಸಿನಲ್ಲಿ ರೇವತಿ ಮಳೆ ಒಂದು ಹೊಡೆತ ಹೊಡೆದರೆ ಘಾಟಿಯ ಮೇಲೆ ಅದು ನಮ್ಮೂರಿನ ಹಾಗೆ ಖುಷಿ ಕೊಡುವ ಮಳೆಯಲ್ಲ.

ಚಳಿ ಮೊದಲು ಹಿಡಿಯುವುದು ಬೆರಳನ್ನು. ಬ್ರೇಕು, ಕ್ಲಚ್ಚು ಎರಡೂ ಇರುವುದು ಅಲ್ಲೇ ಅಲ್ಲವೇ? ಬೆರಳು ಮರಗಟ್ಟಿದವನು ಬ್ರೇಕು ಹಿಡಿಯುವಾಗ ಅರ್ಧ ಸೆಕೆಂಡು ತಡವಾದರೆ ತಿರುವಿನಲ್ಲಿ ಅದೇ ಸಾಕು. ಆಮೇಲೆ ಹಲ್ಲು ಕಟಕಟ, ನಡುಕ. ಅದಕ್ಕೂ ಮುಂದೆ ಹೋದರೆ ಮಾತು ತೊದಲುತ್ತದೆ, ಬುದ್ಧಿ ಮಂದವಾಗುತ್ತದೆ. ಅಂಥವನು "ನಂಗೇನೂ ಆಗಿಲ್ಲ, ನಡೀರೋ" ಎನ್ನುತ್ತಾನೆ. ಅವನ ಮಾತು ಕೇಳಬಾರದು. ಗಾಡಿ ನಿಲ್ಲಿಸಿ, ಒದ್ದೆ ಬಟ್ಟೆ ಬಿಚ್ಚಿಸಿ, ಒಣಬಟ್ಟೆ ಹಾಕಿ, ಬಿಸಿ ಬಿಸಿ ಸಿಹಿ ಚಹಾ ಕುಡಿಸಬೇಕು. ಮೈ ಬೆಚ್ಚಗಾಗಲಿ ಎಂದು ಇನ್ನೊಂದು ಕುಡಿಸುವವರೂ ಇದ್ದಾರೆ. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಬಿಸಿಯನ್ನು ಹೊರಗೆ ಕಳೆಯುತ್ತದೆ. ಬೆಚ್ಚಗೆ ಅನ್ನಿಸುವುದು ಬರೀ ಭ್ರಮೆ.

ಉಪಾಯಗಳು ದುಬಾರಿಯೇನಲ್ಲ. ಒಂದು ದಪ್ಪ ಕೋಟಿಗಿಂತ ಎರಡು ಮೂರು ತೆಳು ಪದರ ಮೇಲು. ಬನಿಯನ್ನು, ಉಣ್ಣೆಯ ಸ್ವೆಟರು, ಎಲ್ಲಕ್ಕೂ ಮೇಲೆ ಗಾಳಿ ತೂರದ ರೈನ್‌ಕೋಟು. ಹತ್ತಿ ಬೆವರು ಕುಡಿದು ತಣ್ಣಗಾಗುತ್ತದೆ, ಉಣ್ಣೆ ಒದ್ದೆಯಾದರೂ ಸ್ವಲ್ಪ ಬಿಸಿ ಹಿಡಿದಿಡುತ್ತದೆ. ಕೈಗವಸು ಕಡ್ಡಾಯ. ಏನೂ ಇಲ್ಲದವರಿಗೆ ಹಳೆಯ ಬೈಕು ಸವಾರರ ಉಪಾಯವೊಂದಿದೆ. ಎದೆಗೆ ಅಡ್ಡಲಾಗಿ ಷರ್ಟಿನೊಳಗೆ ನಾಲ್ಕು ಹಾಳೆ ವೃತ್ತಪತ್ರಿಕೆ ಇಟ್ಟುಕೊಳ್ಳುವುದು. ಗಾಳಿ ಒಳಗೆ ನುಗ್ಗುವುದಿಲ್ಲ. ಈ ಪುರವಣಿಯನ್ನೇ ಬಳಸಿದರೂ ನಮಗೆ ಬೇಸರವಿಲ್ಲ, ಓದಿಯಾದ ಮೇಲೆ.

ಗಾಡಿಯ ವಿಷಯ. ಮೈಸೂರು ಸೀಮೆಗೂ ಮೋಟಾರು ಸೈಕಲ್ಲಿಗೂ ಹಳೆಯ ನಂಟು. 1961ರಲ್ಲಿ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಜಾವಾ ಹೊರಬಂತು, 1973ರಲ್ಲಿ ಯೆಜ್ಡಿ ಎಂದು ಹೆಸರು ಬದಲಾಯಿತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಹೆಸರು ಮಾತ್ರ 2018ರಲ್ಲಿ ಬೇರೆ ಕಂಪನಿಯ ಕೈಯಲ್ಲಿ ಮರಳಿ ಬಂದಿದೆ. ನಂಜನಗೂಡು ರಸ್ತೆಯ ಕಡಕೊಳದ ಬಳಿ ಈಗ ಟಿವಿಎಸ್ ಕಾರ್ಖಾನೆ ಇದೆ. ಅಜ್ಜನ ಕಾಲದ ಜಾವಾ ಮನೆಯಲ್ಲಿದ್ದು ಅದರಲ್ಲೇ ಹೋಗುತ್ತೇನೆ ಎನ್ನುವವರಿಗೆ ಒಂದು ಮಾತು. ಕಿಕ್ಕರೂ ಗೇರಿನ ಲಿವರೂ ಒಂದೇ ಆಗಿರುವ ಆ ಗಾಡಿ ಟೂ ಸ್ಟ್ರೋಕು. ಅದರ ಎಂಜಿನ್ನಿಗೆ ಆಯಿಲು ಸಿಗುವುದು ಪೆಟ್ರೋಲಿನ ಜೊತೆಗೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಬಹಳ ದೂರ ಇಳಿದರೆ ಪೆಟ್ರೋಲೂ ಇಲ್ಲ, ಆಯಿಲೂ ಇಲ್ಲ. ಪಿಸ್ಟನ್ನು ಕಚ್ಚಿಕೊಳ್ಳಬಹುದು. ಅದಕ್ಕೇ ಬಲ್ಲವರು ಇಳಿಯುವಾಗ ಆಗಾಗ ಒಂದಿಷ್ಟು ತಿರುಗಿಸಿಕೊಡುತ್ತಾರೆ. ಕಾರ್ಬುರೇಟರ್ ಇರುವ ಯಾವ ಹಳೆಯ ಗಾಡಿಯೂ ಬೆಟ್ಟದ ಮೇಲೆ ಸ್ವಲ್ಪ ಕೆಮ್ಮುತ್ತದೆ. ಗಾಳಿ ತೆಳುವಾದ್ದರಿಂದ ಪೆಟ್ರೋಲಿನ ಪಾಲು ಹೆಚ್ಚಾಗುತ್ತದೆ. ಗಾಬರಿ ಬೇಡ, ಕೆಳಗಿಳಿದರೆ ಸರಿಹೋಗುತ್ತದೆ.

ಅಪ್ಪಂದಿರು ಕೇಳಬೇಕಾದ ಮೊದಲ ಪ್ರಶ್ನೆ ಮಾತ್ರ ಇದ್ಯಾವುದೂ ಅಲ್ಲ. ವಯಸ್ಸೆಷ್ಟು, ಲೈಸೆನ್ಸ್ ಎಲ್ಲಿ? ಗೇರಿನ ಗಾಡಿ ಓಡಿಸಲು 18 ತುಂಬಿರಬೇಕು. ಎಲ್‌ಎಲ್ಆರ್ ಇಟ್ಟುಕೊಂಡವನು ಗೆಳೆಯನನ್ನು ಹಿಂದೆ ಕೂರಿಸಿಕೊಳ್ಳುವಂತಿಲ್ಲ. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ತಂದ ತಿದ್ದುಪಡಿಯ ಪ್ರಕಾರ, 18 ತುಂಬದವನ ಕೈಗೆ ಗಾಡಿ ಕೊಟ್ಟು ಅವನು ಅಪರಾಧ ಮಾಡಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸ. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸೇ ಇಲ್ಲ. "ನಮ್ಮ ಹುಡುಗ ಹೈಸ್ಕೂಲಿಗೇ ಗಾಡಿ ಓಡಿಸಿಕೊಂಡು ಹೋಗ್ತಾನೆ" ಎಂದು ಹೆಮ್ಮೆಯಿಂದ ಹೇಳುವ ತಂದೆತಾಯಂದಿರನ್ನು ಕಂಡರೆ ನನಗೆ ಇದೇ ನೆನಪಾಗುತ್ತದೆ.

ಹತ್ತನೆಯ ತರಗತಿಯವರಿಗೆ ಹಾಗಾದರೆ ಬೆಟ್ಟವೇ ಇಲ್ಲವೇ? ಇದೆ. ಗುಂಡ್ಲುಪೇಟೆಯ ಆಚೆಯ ಹಿಮವದ್ ಗೋಪಾಲಸ್ವಾಮಿ ಬೆಟ್ಟ 1,454 ಮೀಟರ್ ಎತ್ತರ. ಅಲ್ಲಿಗೆ ಖಾಸಗಿ ಗಾಡಿಗಳನ್ನು ಬಿಡುವುದಿಲ್ಲ, ಬುಡದಿಂದ ಸಾರಿಗೆ ಸಂಸ್ಥೆಯ ಬಸ್ಸಿನಲ್ಲೇ ಹೋಗಬೇಕು. ಅಪ್ಪ, ಅಮ್ಮ, ಮಕ್ಕಳು ಎಲ್ಲರೂ ಒಟ್ಟಿಗೆ ಬೆಳಗಿನ ಮಂಜಿನಲ್ಲಿ ನಡುಗಿ ಬರಬಹುದು.

18 ತುಂಬಿದವರು ಊಟಿಯ ದಾರಿ ಹಿಡಿಯಲಿ. ನರಸೀಪುರದವರು ಸುತ್ತೂರಿನ ಮೇಲೆ ಬಂದು ನಂಜನಗೂಡಿನಲ್ಲಿ ಕೂಡಿಕೊಂಡರೆ ಮುಂದೆ ಗುಂಡ್ಲುಪೇಟೆ, ಬಂಡೀಪುರ. ಫಾಲ್ಗುಣದ ದೊಡ್ಡ ಜಾತ್ರೆಯಲ್ಲಿ ಶ್ರೀಕಂಠೇಶ್ವರನ ಐದು ರಥ ಎಳೆಯುವ ದಿನ ಮಾತ್ರ ಹೊರಡಬೇಡಿ, ಊರು ದಾಟುವುದರಲ್ಲೇ ಅರ್ಧ ದಿನ ಹೋದೀತು. ಬಂಡೀಪುರದ ಕಾಡಿನ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರವಿಲ್ಲ. ಗೇಟು ತೆರೆಯುವ ಹೊತ್ತಿಗೇ ಅಲ್ಲಿರಬೇಕೆಂದು ನಾಲ್ಕೂವರೆಯ ಕತ್ತಲಲ್ಲಿ ಹೊರಡುವುದು ಜಾಣತನವಲ್ಲ. ಆರಕ್ಕೆ ಹೊರಟರೆ ಬೆಳಕೂ ಇರುತ್ತದೆ, ನಿದ್ದೆಯೂ ಆಗಿರುತ್ತದೆ. ಕಾಡಿನೊಳಗೆ ನಿಲ್ಲಬಾರದು, ಹಾರನ್ ಬಾರಿಸಬಾರದು, ಜಿಂಕೆಗೆ ಬಿಸ್ಕತ್ತು ಎಸೆಯಬಾರದು. ಮುಂದೆ ಆನೆ ಕಂಡರೆ ದೂರದಲ್ಲೇ ನಿಂತು, ಅದು ದಾಟಿ ಒಳಗೆ ಹೋಗುವವರೆಗೆ ಕಾಯಬೇಕು. ಫೋಟೋಗೆಂದು ಹತ್ತಿರ ಹೋದವರ ಕಥೆಗಳು ನೀವು ಓದಿದವೇ.

ಕೆಕ್ಕನಹಳ್ಳದ ಗಡಿ ದಾಟಿದರೆ ಮುದುಮಲೆ, ಆಮೇಲೆ ಆನೆ ಶಿಬಿರದ ತೆಪ್ಪಕಾಡು. ಅಲ್ಲಿ ದಾರಿ ಕವಲೊಡೆಯುತ್ತದೆ. ಬಲಕ್ಕೆ ಗೂಡಲೂರಿನ ಮೇಲೆ ಹೋಗುವ ದಾರಿ ಉದ್ದ, ಆದರೆ ಅಗಲ. ಎಡಕ್ಕೆ ಮಸಿನಗುಡಿ, ಕಲ್ಲಟ್ಟಿಯ ದಾರಿ ಗಿಡ್ಡ, ಆದರೆ 36 ಕಡಿದಾದ ತಿರುವುಗಳು. ಹೊಸಬರು ಗೂಡಲೂರಿನ ದಾರಿಯಲ್ಲೇ ಹೋಗಿ ಅದರಲ್ಲೇ ಬರುವುದು ಲೇಸು. ಅಪಘಾತಗಳ ಕಾರಣದಿಂದ ಊಟಿಯ ಕಡೆಯಿಂದ ಕಲ್ಲಟ್ಟಿ ಇಳಿಯಲು ಹೊರಗಿನ ವಾಹನಗಳಿಗೆ ನಿರ್ಬಂಧ ಹಾಕಿದ್ದೂ ಉಂಟು. ನೀಲಗಿರಿಗೆ ಹೋಗುವ ಹೊರಗಿನ ವಾಹನಗಳಿಗೆ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಇ-ಪಾಸ್ ಬಂದಿದೆ. ಅದನ್ನು ಮನೆಯಲ್ಲೇ ಮಾಡಿಸಿಕೊಂಡು ಹೊರಡಿ. ಪ್ಲಾಸ್ಟಿಕ್ ನೀರಿನ ಬಾಟಲಿ ಅಲ್ಲಿ ನಿಷೇಧ, ಸ್ಟೀಲಿನದು ಇರಲಿ.

ಈಗ ಟೆಂಟು. ಹುಡುಗರ ಕನಸಿನಲ್ಲಿ ಅದು ಕಾಡಿನ ನಡುವೆ, ತೊರೆಯ ಪಕ್ಕ ಇರುತ್ತದೆ. ಬಂಡೀಪುರ, ಮುದುಮಲೆ ಎರಡೂ ಹುಲಿ ಸಂರಕ್ಷಿತ ಪ್ರದೇಶ. ಅಲ್ಲಿ ಅಪ್ಪಣೆಯಿಲ್ಲದೆ ಟೆಂಟು ಹೊಡೆಯುವುದು ಅಪರಾಧ. ಮಸಿನಗುಡಿಯ ಕಡೆ ದುಡ್ಡು ಕೊಟ್ಟು ಉಳಿಯುವ ಜಾಗಗಳೆಲ್ಲ ಕ್ರಮಬದ್ಧವೆಂದು ತಿಳಿಯಬೇಡಿ. ಸೀಗೂರಿನ ಆನೆದಾರಿಯಲ್ಲಿ ಕಟ್ಟಿದ ರೆಸಾರ್ಟುಗಳ ಮೇಲೆ 2018ರಲ್ಲಿ ಬೀಗ ಬಿತ್ತು. ಆ ಆನೆದಾರಿಯನ್ನು ಸುಪ್ರೀಂ ಕೋರ್ಟು 2020ರಲ್ಲಿ ಎತ್ತಿಹಿಡಿಯಿತು. ಆದ್ದರಿಂದ ಊಟಿಯ ಕಡೆ, ಪರವಾನಗಿ ಇರುವ ಜಾಗದ ಅಂಗಳದಲ್ಲಿ, ಮೊದಲೇ ಮಾತಾಡಿಕೊಂಡು ಟೆಂಟು ಹಾಕುವುದೇ ಸರಿ. ಜಾಗದ ಹೆಸರು, ಫೋನ್ ನಂಬರು ಮನೆಯವರ ಹತ್ತಿರವೂ ಇರಲಿ.

ಟೆಂಟಿನಲ್ಲಿ ಚಳಿ ಬರುವುದು ಮೇಲಿನಿಂದಲ್ಲ, ನೆಲದಿಂದ. ಹೊದೆಯಲು ಎರಡು ತಂದು ಹಾಸಲು ಒಂದೂ ತರದವನು ರಾತ್ರಿಯಿಡೀ ಮಗ್ಗುಲು ಬದಲಿಸುತ್ತಾನೆ. ಕೆಳಗೆ ಪ್ಲಾಸ್ಟಿಕ್ ಟಾರ್ಪಾಲು, ಅದರ ಮೇಲೆ ಚಾಪೆ, ಅದರ ಮೇಲೆ ಕಂಬಳಿ. ಮಲಗುವಾಗ ಒಣ ಕಾಲುಚೀಲ ಬದಲಿಸಿ, ಕಿವಿ ಮುಚ್ಚಿಕೊಂಡರೆ ಅರ್ಧ ಚಳಿ ಹೋದಂತೆ.

ಇನ್ನೊಂದು ಮಾತನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಬೇಕೆಂದು ನನ್ನ ಆಸೆ. ಎಷ್ಟೇ ಚಳಿಯಾದರೂ ಟೆಂಟಿನೊಳಗೆ, ಮುಚ್ಚಿದ ಕೋಣೆಯೊಳಗೆ ಇದ್ದಿಲ ಕೆಂಡವನ್ನಾಗಲಿ ಸ್ಟೌವನ್ನಾಗಲಿ ಇಟ್ಟುಕೊಂಡು ಮಲಗಬಾರದು. ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಾಲು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ಮಂಪರು, ಆಮೇಲೆ ಏಳುವುದೇ ಇಲ್ಲ. ಬೆಟ್ಟದೂರುಗಳಲ್ಲಿ ಹೀಗೆ ಮಲಗಿದಲ್ಲೇ ಸತ್ತವರ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಅವರಲ್ಲಿ ನಮ್ಮ ಹಾಗೆ ಬಯಲಿನಿಂದ ಹೋದವರೂ ಇದ್ದಾರೆ. ಆನೆಗೆ ಹೆದರುವ ತಾಯಂದಿರು ಈ ಕೆಂಡಕ್ಕೂ ಹೆದರಿ, ಹೊರಡುವ ಹೊತ್ತಿಗೆ ಇದನ್ನೂ ಒಮ್ಮೆ ಹೇಳಿ ಕಳಿಸಿದರೆ ಒಳ್ಳೆಯದು.

ಅಡುಗೆಯ ಉತ್ಸಾಹ ಇರುವವರು ಒಂದು ಪ್ರಯೋಗ ಮಾಡಬಹುದು. ಊಟಿಯಲ್ಲಿ ನೀರು ಕುದಿಯುವುದು ನೂರು ಡಿಗ್ರಿಗಲ್ಲ, 92-93ಕ್ಕೆ. ಅಲ್ಲಿ ಬೇಳೆ ಬೇಯಿಸಿದರೆ ಗಾಳಿಯ ಒತ್ತಡದ ಪಾಠ ಹೊಟ್ಟೆಗೇ ಅರ್ಥವಾಗುತ್ತದೆ. ಹಸಿದವರಿಗೆ ಮನೆಯಿಂದ ಕಟ್ಟಿಕೊಂಡ ರಾಗಿ ಹುರಿಹಿಟ್ಟು, ಬೆಲ್ಲ, ನಾಲ್ಕು ರಸಬಾಳೆ ಮೇಲು.

ಬೆಳಿಗ್ಗೆ ಚಹಾದಂಗಡಿಯಲ್ಲಿ ಸುತ್ತಲಿನ ಮಾತಿಗೆ ಕಿವಿಗೊಡಿ. ಬಡಗರ ಮಾತು ನಮ್ಮವರಿಗೆ ಅರ್ಧಕ್ಕರ್ಧ ತಿಳಿಯುತ್ತದೆ. 'ಬಡಗು' ಎಂದರೆ ಉತ್ತರ. ಉತ್ತರದ ಮೈಸೂರು ಸೀಮೆಯಿಂದ ಬೆಟ್ಟ ಹತ್ತಿದವರು ಎಂದು ಅವರ ಐತಿಹ್ಯ ಹೇಳುತ್ತದೆ. ಬೈಕು, ರೈನ್‌ಕೋಟು ಏನೂ ಇಲ್ಲದೆ ಇದೇ ಕಾಡು, ಇದೇ ಘಾಟಿ ದಾಟಿ ಹೋಗಿ ಆ ಚಳಿಯಲ್ಲಿ ಹೊಲ ಮಾಡಿಕೊಂಡು ನಿಂತ ಜನ. ಬೊಟಾನಿಕಲ್ ಗಾರ್ಡನ್ನಿನಲ್ಲಿ ಫೋಟೋ ತೆಗೆಸಿಕೊಳ್ಳುವುದಕ್ಕಿಂತ ಅವರಲ್ಲಿ ಒಬ್ಬ ಹಿರಿಯರ ಹತ್ತಿರ ಹತ್ತು ನಿಮಿಷ ಮಾತಾಡಿ ಬಂದರೆ ಹೋದದ್ದಕ್ಕೂ ಬೆಲೆ.

ಇಳಿಯುವಾಗ ಹತ್ತಿದ ಗೇರಿನಲ್ಲೇ ಇಳಿಯಬೇಕು. ಎಂಜಿನ್ ಆರಿಸಿ ಪೆಟ್ರೋಲು ಉಳಿಸುವ ಬುದ್ಧಿವಂತಿಕೆ ಬೇಡ. ಬ್ರೇಕು ಒಂದೇ ಸಮನೆ ಒತ್ತಿ ಹಿಡಿದರೆ ಕಾದು ಹಿಡಿತ ಬಿಡುತ್ತದೆ. ಹತ್ತುವ ಗಾಡಿಗೆ ದಾರಿ ಬಿಡುವುದು ಘಾಟಿಯ ನಿಯಮ. ಮಧ್ಯಾಹ್ನ ಎರಡರೊಳಗೆ ಊಟಿ ಬಿಟ್ಟರೆ ಬೆಳಕಿರುವಾಗಲೇ ಕಾಡು ದಾಟಿ ಗುಂಡ್ಲುಪೇಟೆಯಲ್ಲಿರಬಹುದು. ಅಲ್ಲಿ ಸ್ವೆಟರು ಬಿಚ್ಚಿ, ಮನೆಗೊಂದು ಫೋನ್ ಮಾಡಿ, ಎಳನೀರು ಕುಡಿಯಿರಿ.

ಟೆಂಟನ್ನು ಬಂದ ಹಾಗೆಯೇ ಅಟ್ಟಕ್ಕೆ ಎಸೆಯಬೇಡಿ. ಬೆಟ್ಟದ ಇಬ್ಬನಿ ಅದರೊಳಗೇ ಇರುತ್ತದೆ. ತಾರಸಿಯ ಮೇಲೆ ಒಂದು ದಿನ ಹರಡಿ ಒಣಗಿಸಿ ಮಡಿಸದಿದ್ದರೆ ದಸರಾ ರಜೆಯ ಹೊತ್ತಿಗೆ ಬೂಷ್ಟು ಹಿಡಿದು ಕೂತಿರುತ್ತದೆ.