ಆರಿಸುವ ಹಕ್ಕು ಮಕ್ಕಳದು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಕೂಡಲೇ ನಮ್ಮ ಹನುಮನಹಳ್ಳಿಯ ಮನೆಗಳಲ್ಲಿ ಒಂದು ತೀರ್ಮಾನ ಆಗಿಬಿಡುತ್ತದೆ. ಅದು ಆಗುವುದು ಬಲು ಅವಸರದಲ್ಲಿ, ಎಷ್ಟೋ ಸಲ ಓದಬೇಕಾದ ಮಗುವನ್ನು ಕೇಳದೆಯೇ. 'ಸೈನ್ಸ್ ಕಠಿಣ ಐತಿ, ಆರ್ಟ್ಸ್ ಹಚ್ರಿ' ಎಂದು ಯಾರೋ ಅನ್ನುತ್ತಾರೆ. ಹುಡುಗನಾದರೆ, 'ಹೋಂಸ್ಟೇದಾಗ ಕೆಲಸ ಐತಿ, ಮುಂದಿನ ವರ್ಷ ನೋಡಿದ್ರಾತು.' ಹುಡುಗಿಯಾದರೆ, 'ಇನ್ನೆಷ್ಟು ಓದಸ್ತೀರಿ?' ಅಲ್ಲಿಗೆ ಮಾತು ಮುಗಿಯುತ್ತದೆ. ಮುಗಿದದ್ದು ಬರೀ ಮಾತಲ್ಲ ಎಂಬುದು ತಿಳಿಯುವಷ್ಟರಲ್ಲಿ ವರ್ಷಗಳು ಉರುಳಿರುತ್ತವೆ.

ಓದಿನ ಆಯ್ಕೆಗೆ ಎಷ್ಟು ಬೆಲೆ ಎಂದು ತಿಳಿಯಲು 2024ರ ಆಗಸ್ಟ್ 10ರ ರಾತ್ರಿಯನ್ನು ನೆನೆಸಿಕೊಳ್ಳಿ. ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನು ಕಡಿದು ಗೇಟೇ ಕೊಚ್ಚಿಹೋಯಿತು. ಕಣ್ಣೆದುರೇ ನಮ್ಮ ಗದ್ದೆಯ ನೀರು ಹರಿದು ಹೋಗುತ್ತಿತ್ತು. ಒಂದು ವಾರದೊಳಗೆ ಗೇಟಿನ ಜಾಗಕ್ಕೆ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ಗೇಟು ಇಳಿಸಿ ಆ ನೀರನ್ನು ತಡೆದವರು ತಜ್ಞ ಕನ್ನಯ್ಯ ನಾಯ್ಡು, ಅವರ ಜೊತೆಗೆ ಹಗಲುರಾತ್ರಿ ದುಡಿದ ಇಂಜಿನಿಯರುಗಳು, ವೆಲ್ಡರುಗಳು, ಕೂಲಿಗಳು. ಅಲ್ಲಿ ಲೆಕ್ಕ ಹಾಕಿದವರು ಎಷ್ಟು ಬೇಕಿತ್ತೋ ಕಬ್ಬಿಣ ಬೆಸೆದವರೂ ಅಷ್ಟೇ ಬೇಕಿತ್ತು. ಐಟಿಐಗೆ ಹೋಗುವ ಹುಡುಗನನ್ನು 'ದಡ್ಡ' ಎನ್ನುವ ನಾಲಗೆಗಳು ಇದನ್ನು ನೆನಪಿಡಲಿ. ನಾವು ಬಿತ್ತುವ ಗಂಗಾವತಿ ಸೋನಾ ಭತ್ತವೂ ಆಕಾಶದಿಂದ ಉದುರಿದ್ದಲ್ಲ, ಓದಿದವರು ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ದುಡಿದು ಕೊಟ್ಟ ತಳಿ. ನಮ್ಮ ನೀರು, ನಮ್ಮ ಅನ್ನ ಎರಡೂ ಯಾರದೋ ಮಕ್ಕಳು ಯಾವಾಗಲೋ ಆರಿಸಿಕೊಂಡ ಓದಿನ ಮೇಲೆ ನಿಂತಿವೆ. ನಮ್ಮ ಮಕ್ಕಳ ಸರದಿ ಯಾವಾಗ?

ಆ ಸರದಿಗೆ ದಾರಿ ಆಗಲೇ ತೆರೆದಿದೆ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ಕಲಮಿಗಾಗಿ ಈ ಭಾಗದ ಜನ ದಶಕಗಳ ಕಾಲ ಹೋರಾಡಿದರು. 2012ರಲ್ಲಿ ಸಂಸತ್ತು ಅದನ್ನು ಒಪ್ಪಿತು. ಅದರ ಬಲದಿಂದ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದೆಡೆ ಶೇ 8 ಸೀಟು ನಮ್ಮವರಿಗೆ ಮೀಸಲು. ಕೊಪ್ಪಳದಲ್ಲೇ ವೈದ್ಯಕೀಯ ಕಾಲೇಜಿದೆ. ಆದರೆ ಪಿಯುಸಿಯಲ್ಲಿ ಜೀವಶಾಸ್ತ್ರ ಓದದ ಹುಡುಗಿಗೆ ಆ ಬಾಗಿಲು ತೆರೆಯುವುದಿಲ್ಲ, ಗಣಿತ ಬಿಟ್ಟವಳಿಗೆ ಇಂಜಿನಿಯರಿಂಗ್ ಸಿಗುವುದಿಲ್ಲ. ಹೋರಾಡಿ ಪಡೆದ ಸೀಟನ್ನು ನಾವೇ ಒಂದು ಮಧ್ಯಾಹ್ನ, ಚಹಾ ಕುಡಿಯುತ್ತ, ಬಿಟ್ಟುಕೊಡುತ್ತಿದ್ದೇವೆ.

ಎಲ್ಲರೂ ಸೈನ್ಸ್ ಓದಲಿ ಎಂದು ನಾನು ಹೇಳುತ್ತಿಲ್ಲ. ಇತಿಹಾಸ ಓದಬೇಕೆಂಬ ಆಸೆಯ ಮಗುವನ್ನು ಸೈನ್ಸಿನ ಪಿಸಿಎಂಬಿಗೆ ತಳ್ಳುವುದೂ ಅಷ್ಟೇ ದೊಡ್ಡ ಅನ್ಯಾಯ. ಆನೆಗೊಂದಿಯ ಕೋಟೆ, ಅಂಜನಾದ್ರಿ ಬೆಟ್ಟ ನೋಡಲು ದೇಶವೆಲ್ಲ ಬರುತ್ತದೆ. ಈ ನೆಲದ ಕಥೆ ಬರೆಯುವವರು ಇಲ್ಲಿಯವರೇ ಏಕಾಗಬಾರದು? ಆರ್ಟ್ಸ್ ಓದಿ ಶಿಕ್ಷಕರಾಗಲಿ, ವಕೀಲರಾಗಲಿ, ಕೆಎಎಸ್ ಬರೆಯಲಿ. ಅವರೇ ಬಯಸಿ ಆರಿಸಿಕೊಂಡಿರಲಿ, ನನ್ನ ಹಟ ಅಷ್ಟೇ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಗಟ್ಟಿಯಾಗಿ ಹೇಳಬೇಕು. ಕಡ್ಡಾಯ ಶಿಕ್ಷಣದ ಕಾನೂನು ಹದಿನಾಲ್ಕಕ್ಕೆ ಕೈ ಬಿಡುತ್ತದೆ, ಮದುವೆಯ ಕಾನೂನು ಹದಿನೆಂಟರವರೆಗೆ ಕಾಯಿರಿ ಎನ್ನುತ್ತದೆ. ನಡುವಿನ ಆ ವರ್ಷಗಳಲ್ಲಿ ಹುಡುಗಿಯನ್ನು ಕಾಯುವುದು ಕಾಲೇಜು. ಹತ್ತನೇ ಮುಗಿಸಿ ಮನೆಯಲ್ಲಿ ಕುಳಿತವಳಿಗೆ ವರ ಹುಡುಕಲು ಊರೇ ಮುಂದಾಗುತ್ತದೆ. ಪುಸ್ತಕ ಹಿಡಿದು ಬಸ್ಸು ಹತ್ತಿದವಳ ಮದುವೆಯ ಮಾತೆತ್ತಲು ಅದೇ ಜನ ಒಂದು ಗಳಿಗೆ ಅನುಮಾನಿಸುತ್ತಾರೆ. ಆ ಒಂದು ಗಳಿಗೆಯಲ್ಲಿ ಎಷ್ಟೋ ಬಾಳು ಉಳಿದಿವೆ. 'ದೂರ ಆಕ್ಕೈತಿ' ಎನ್ನಬೇಡಿ. 2023ರ ಜೂನ್‌ನಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ.

ಅದಕ್ಕೇ ಕೇಳುತ್ತೇನೆ, ಈ ವಾರ ಗದ್ದೆಯ ಕೆಲಸ ಒಂದು ದಿನ ಬಿಡಿ. ಮಗಳನ್ನು, ಮಗನನ್ನು ಎದುರಿಗೆ ಕೂರಿಸಿಕೊಂಡು 'ನಿನಗ ಏನು ಓದಬೇಕಂತ ಐತಿ?' ಎಂದು ಕೇಳಿ, ಉತ್ತರ ಬರುವತನಕ ಸುಮ್ಮನಿರಿ. ಆಮೇಲೆ ಅವರ ಹೈಸ್ಕೂಲಿಗೆ ಹೋಗಿ ಗಣಿತದ ಮೇಷ್ಟ್ರನ್ನೂ ವಿಜ್ಞಾನದ ಮೇಡಮ್ಮರನ್ನೂ ಮಾತಾಡಿಸಿ, ಹಾಸ್ಟೆಲ್ಲಿನ ಅರ್ಜಿ ಯಾವಾಗ ಎಂದು ವಿಚಾರಿಸಿ. ಕಾಲೇಜಿನ ಹೊತ್ತಿಗೆ ಬಸ್ಸಿಲ್ಲ ಎಂದಾದರೆ ಮಕ್ಕಳನ್ನು ಬಿಡಿಸಬೇಡಿ, ನನ್ನನ್ನು ಕರೆಯಿರಿ. ಊರೆಲ್ಲ ಕೂಡಿ ಗಂಗಾವತಿ ಡಿಪೋಕ್ಕೆ ಹೋಗೋಣ, ಬಸ್ಸು ಬಿಡುವತನಕ ಅಲ್ಲೇ ಕೂರೋಣ.