ಗಡ್ಡೆಗೆ ಮಂಗಳೂರು, ಶುಗರ್‌ಗೆ ಊರಿನ ಡಾಕ್ಟರು

ಮಂಗಳೂರಿನಲ್ಲಿ ಕಿಮೋ ತೆಗೆದುಕೊಳ್ಳುವವರೆಲ್ಲ ಮಂಗಳೂರಿನವರಲ್ಲ. ಕಾಸರಗೋಡಿನಿಂದ ಬೆಳಗಿನ ರೈಲು ಹತ್ತಿ ಬಂದವರು, ಘಟ್ಟ ಇಳಿದು ಬಂದ ಕೊಡಗು, ಚಿಕ್ಕಮಗಳೂರಿನವರು, ಭಟ್ಕಳ, ಹೊನ್ನಾವರದ ಕಡೆಯವರು ಇಲ್ಲಿನ ಆಸ್ಪತ್ರೆಗಳನ್ನೇ ನಂಬಿದ್ದಾರೆ. ಬೆಳಿಗ್ಗೆ ಡ್ರಿಪ್ ಹಾಕಿಸಿಕೊಂಡು ಸಂಜೆ ಬಸ್ಸಿಗೆ ಊರು ಸೇರುವವರೂ ಅವರಲ್ಲಿದ್ದಾರೆ. ಅವರಿಗೆ ಶುಗರ್ ಇದ್ದರೆ ಅದನ್ನು ನೋಡುವವರು ಊರಿನ ಡಾಕ್ಟರು. ಒಂದೇ ದೇಹಕ್ಕೆ ಎರಡು ಕಡೆ ಎರಡು ಫೈಲು. ಕ್ಯಾನ್ಸರ್ ಚಿಕಿತ್ಸೆಯ ದೊಡ್ಡ ಬಿರುಕು ಇರುವುದು ಈ ಎರಡು ಫೈಲುಗಳ ನಡುವೆ ಎಂಬುದು ನನ್ನ ಖಚಿತ ಅಭಿಪ್ರಾಯ.

ವಾಂತಿ, ಅಲರ್ಜಿ ಆಗದಿರಲೆಂದು ಕಿಮೋ ಜೊತೆ ಕೊಡುವ ಡೆಕ್ಸಾಮೆಥಾಸೋನ್ ಒಂದು ಸ್ಟೀರಾಯ್ಡ್. ಬೆಳಿಗ್ಗೆ ಕೊಟ್ಟರೆ ಮಧ್ಯಾಹ್ನದ ಊಟದ ಮೇಲೆ ರಕ್ತದ ಸಕ್ಕರೆ ಏರತೊಡಗುತ್ತದೆ, ರಾತ್ರಿಯವರೆಗೂ ಇಳಿಯದೆ ನಿಲ್ಲಬಹುದು. ಮರುದಿನ ಖಾಲಿ ಹೊಟ್ಟೆಯಲ್ಲಿ ಪರೀಕ್ಷಿಸಿದರೆ ವರದಿ ಚೆನ್ನಾಗಿಯೇ ಕಾಣಬಹುದು. ಅಂದರೆ ಏರಿಕೆ ನಡೆಯುವುದು ರೋಗಿ ಮಂಗಳೂರು ಬಿಟ್ಟ ಮೇಲೆ, ಯಾರೂ ನೋಡದ ಹೊತ್ತಿನಲ್ಲಿ. ಇದು ಸಣ್ಣ ವಿಷಯವಲ್ಲ. ಬಿಳಿ ರಕ್ತಕಣ ಕುಸಿದಿರುವಾಗ ಸಕ್ಕರೆಯೂ ಏರಿದರೆ ಸೋಂಕಿಗೆ ದಾರಿಯಾಗುತ್ತದೆ, ಮುಂದಿನ ಸೈಕಲ್ ತಡವಾಗುತ್ತದೆ. ಗಡ್ಡೆ ತೆಗೆದ ಗಾಯ ಬೇಗ ಮಾಗುವುದಿಲ್ಲ. ಪ್ಯಾಕ್ಲಿಟ್ಯಾಕ್ಸೆಲ್, ಆಕ್ಸಾಲಿಪ್ಲಾಟಿನ್‌ನಂಥ ಔಷಧಗಳು ಕೈಕಾಲು ಜೋಮು ಹಿಡಿಸುತ್ತವೆ. ಹಳೆಯ ಮಧುಮೇಹದಿಂದ ಪಾದದ ನರ ಮೊದಲೇ ಬಳಲಿದ್ದವರಿಗೆ ಅದು ಇಮ್ಮಡಿ ಕಷ್ಟ.

ಹೊಸ ಔಷಧಗಳು ಬಂದಂತೆ ಈ ನಂಟು ಇನ್ನೂ ಬಿಗಿಯಾಗಿದೆ. ಇಮ್ಯುನೊಥೆರಪಿ ಪಡೆದವರಲ್ಲಿ ಅಪರೂಪಕ್ಕೆ ಇನ್ಸುಲಿನ್ ತಯಾರಿಸುವ ಜೀವಕೋಶಗಳೇ ನಾಶವಾಗಿ, ಶುಗರ್ ಇಲ್ಲದವರಿಗೂ ದಿಢೀರನೆ ಮಧುಮೇಹ ಬರುತ್ತದೆ. ಸ್ತನ ಕ್ಯಾನ್ಸರಿಗೆ ಬಳಸುವ ಅಲ್ಪೆಲಿಸಿಬ್ ತಡೆಯುವ ಸಂಕೇತ ಸರಣಿಯನ್ನೇ ಇನ್ಸುಲಿನ್ ಕೂಡ ಬಳಸುತ್ತದೆ. ಔಷಧ ಬಿದ್ದೊಡನೆ ಸಕ್ಕರೆ ಏರುತ್ತದೆ, ಅದನ್ನು ಇಳಿಸಲು ದೇಹ ಇನ್ಸುಲಿನ್ ಸುರಿಯುತ್ತದೆ. ಆ ಇನ್ಸುಲಿನ್ ಗಡ್ಡೆಯಲ್ಲಿ ಅದೇ ಸರಣಿಯನ್ನು ಮತ್ತೆ ಎಬ್ಬಿಸಬಲ್ಲದು ಎಂದು ಅಮೆರಿಕದ ವಿಜ್ಞಾನಿ ಲೂಯಿಸ್ ಕ್ಯಾಂಟ್ಲಿ ಅವರ ತಂಡ 2018ರಲ್ಲಿ ಇಲಿಗಳಲ್ಲಿ ತೋರಿಸಿತು. ಮನುಷ್ಯರಲ್ಲಿ ಎಷ್ಟರಮಟ್ಟಿಗೆ ಎಂಬುದು ಬೇರೆ ಪ್ರಶ್ನೆ. ಆದರೂ ಶುಗರನ್ನು ಪಕ್ಕದ ಕಾಯಿಲೆ ಎಂದು ಬದಿಗಿಡಲು ಇನ್ನು ಆಗದು.

ಕರಾವಳಿಗೆ ಇದು ದೂರದ ಮಾತಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದ ವಯಸ್ಕರಲ್ಲಿ ಶೇ 11.4 ಮಂದಿಗೆ ಮಧುಮೇಹವಿದೆ. ಗೋವಾದಲ್ಲಿ ಅದು ಶೇ 26.4, ಕೇರಳದಲ್ಲಿ ಶೇ 25.5. ನಮ್ಮ ಕರಾವಳಿ ಇರುವುದು ಈ ಎರಡರ ನಡುವೆ. ಮಧುಮೇಹಕ್ಕೆ ದಾರಿಮಾಡುವ ಹೆಚ್ಚುವರಿ ಕೊಬ್ಬಿಗೂ 13 ಬಗೆಯ ಕ್ಯಾನ್ಸರಿಗೂ ನಂಟಿದೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲೇ ಹೇಳಿದೆ. ದೊಡ್ಡ ಕರುಳು, ಗರ್ಭಕೋಶ, ಮೂತ್ರಪಿಂಡ, ಮುಟ್ಟು ನಿಂತ ಮೇಲಿನ ಸ್ತನ ಕ್ಯಾನ್ಸರ್ ಆ ಪಟ್ಟಿಯಲ್ಲಿವೆ. ನಮ್ಮವರು ನೋಡಲು ಸಪೂರ ಇದ್ದರೂ ಹೊಟ್ಟೆಯೊಳಗೆ ಕೊಬ್ಬು ಸೇರಿರಬಹುದು. ತೂಕದ ಯಂತ್ರವನ್ನಷ್ಟೇ ನಂಬಿದರೆ ಮೋಸಹೋಗುತ್ತೇವೆ.

ಶುಗರನ್ನು ಕಡೆಗಣಿಸುವುದು ಒಂದು ತುದಿಯಾದರೆ, ಅದಕ್ಕೆ ಅತಿಯಾಗಿ ಹೆದರುವ ಇನ್ನೊಂದು ತುದಿಯೂ ಅಪಾಯಕಾರಿ. ಕ್ಯಾನ್ಸರ್ ಜೀವಕೋಶಗಳು ಗ್ಲೂಕೋಸನ್ನು ಅತಿಯಾಗಿ ಕಬಳಿಸುತ್ತವೆ ಎಂದು ಜರ್ಮನಿಯ ವಿಜ್ಞಾನಿ ಒಟ್ಟೊ ವಾರ್‌ಬರ್ಗ್ 1920ರ ದಶಕದಲ್ಲಿ ಕಂಡುಕೊಂಡದ್ದು ನಿಜ. ಪೆಟ್ ಸ್ಕ್ಯಾನ್ ನಡೆಯುವುದೂ ಅದೇ ಆಧಾರದ ಮೇಲೆ. ಅಷ್ಟಕ್ಕೇ ಅನ್ನ ಬಿಟ್ಟರೆ ಗಡ್ಡೆ ಸಾಯುತ್ತದೆ ಎಂಬ ವಾಟ್ಸ್‌ಆ್ಯಪ್ ವೈದ್ಯವನ್ನು ನಂಬಿ ಉಪವಾಸ ಬೀಳುವವರಿದ್ದಾರೆ. ಆಗ ದೇಹ ತನ್ನ ಸ್ನಾಯುವನ್ನೇ ಕರಗಿಸಿ ಗ್ಲೂಕೋಸ್ ಮಾಡಿಕೊಳ್ಳುತ್ತದೆ. ಹೀಗಾಗಿ ಸೊರಗುವುದು ರೋಗಿಯೇ. ಸ್ನಾಯು ಕಳೆದುಕೊಂಡವರು ಕಿಮೋ ತಾಳಿಕೊಳ್ಳುವುದು ಕಷ್ಟ. ಕುಚ್ಚಲಕ್ಕಿ ಗಂಜಿಯೊಂದನ್ನೇ ಕುಡಿಸಿ ಮಲಗಿಸುವುದೂ ಸಾಲದು. ಅದರ ಜೊತೆ ಮೀನೋ, ಮೊಟ್ಟೆಯೋ, ಹೆಸರುಕಾಳೋ ಬೇಕು.

ಮಾತ್ರೆಯಿಂದಲೇ ಎಲ್ಲವೂ ಸರಿಹೋಗುವುದಿಲ್ಲ. ಮೆಟ್‌ಫಾರ್ಮಿನ್ ಕ್ಯಾನ್ಸರ್ ಮರುಕಳಿಸದಂತೆ ತಡೆಯಬಹುದೆಂಬ ಆಸೆಯಿಂದ ಮಧುಮೇಹವಿಲ್ಲದ 3,649 ಸ್ತನ ಕ್ಯಾನ್ಸರ್ ರೋಗಿಗಳ ಮೇಲೆ ನಡೆದ ಪ್ರಯೋಗದ ಮುಖ್ಯ ಫಲಿತಾಂಶ 2022ರಲ್ಲಿ ನಿರಾಸೆ ತಂದಿತು. ಗೆದ್ದದ್ದು ನಡಿಗೆ, ವ್ಯಾಯಾಮ. ಕರುಳಿನ ಕ್ಯಾನ್ಸರಿಗೆ ಕಿಮೋ ಮುಗಿಸಿದ 889 ಮಂದಿಯ ಅಧ್ಯಯನ 2025ರಲ್ಲಿ ಪ್ರಕಟವಾಯಿತು. ತಜ್ಞರ ಮಾರ್ಗದರ್ಶನದಲ್ಲಿ ಮೂರು ವರ್ಷ ವ್ಯಾಯಾಮ ಮಾಡಿದವರಲ್ಲಿ ಐದು ವರ್ಷಗಳ ನಂತರ ಶೇ 80.3 ಮಂದಿ ರೋಗ ಮರುಕಳಿಸದೆ ಉಳಿದಿದ್ದರು. ಬರೀ ತಿಳಿವಳಿಕೆಯ ಪುಸ್ತಕ ಪಡೆದವರಲ್ಲಿ ಇದು ಶೇ 73.9.

ಕೆಎಂಸಿ, ಫಾದರ್ ಮುಲ್ಲರ್, ಕೆ.ಎಸ್. ಹೆಗ್ಡೆ, ಯೆನೆಪೋಯ, ಎ.ಜೆ. ಹೀಗೆ ವೈದ್ಯಕೀಯ ಕಾಲೇಜುಗಳು ಒತ್ತೊತ್ತಾಗಿರುವ ಊರಿದು. ಇಲ್ಲಿ ಫಿಸಿಯೋಥೆರಪಿಸ್ಟರಿಗಾಗಲಿ, ಮಧುಮೇಹ ತಜ್ಞರಿಗಾಗಲಿ ಬರವಿಲ್ಲ. ಮೊದಲ ಕಿಮೋಗೆ ಮುನ್ನವೇ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ) ನೋಡಿ, ಈ ಇಬ್ಬರನ್ನೂ ಆಹಾರ ತಜ್ಞರನ್ನೂ ಚಿಕಿತ್ಸಾ ಯೋಜನೆಗೆ ಸೇರಿಸಬೇಕು. ಡಿಸ್ಚಾರ್ಜ್ ಚೀಟಿಯಲ್ಲಿ ಸ್ಟೀರಾಯ್ಡ್ ಹೆಸರು, ಸಕ್ಕರೆ ಪರೀಕ್ಷಿಸಬೇಕಾದ ಹೊತ್ತು, ಎಷ್ಟು ದಾಟಿದರೆ ಕರೆ ಮಾಡಬೇಕು ಎಂಬುದನ್ನು ಊರಿನ ಡಾಕ್ಟರಿಗೆ ಅರ್ಥವಾಗುವಂತೆ ಬರೆದುಕೊಡಬೇಕು. ಕೇಂದ್ರ ಸರ್ಕಾರ 2010ರಲ್ಲಿ ಕ್ಯಾನ್ಸರ್, ಮಧುಮೇಹ, ಹೃದ್ರೋಗಗಳಿಗೆ ಸೇರಿಸಿಯೇ ಒಂದು ರಾಷ್ಟ್ರೀಯ ಕಾರ್ಯಕ್ರಮ ರೂಪಿಸಿತ್ತು. ಕಡತದಲ್ಲಿ ಒಂದಾದದ್ದು ರೋಗಿಯ ಕೈಗೆ ಬರುವಾಗ ಎರಡಾಗಬಾರದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಕ್ಯಾನ್ಸರ್ ಪ್ಯಾಕೇಜುಗಳಲ್ಲಿ ಶುಗರ್ ನಿಗಾ, ಪೌಷ್ಟಿಕ ಸಲಹೆ, ವ್ಯಾಯಾಮಕ್ಕೂ ಪ್ರತ್ಯೇಕ ಹಣ ನಿಗದಿಯಾಗಲಿ.

ಅಲ್ಲಿಯವರೆಗೆ ಮನೆಯವರು ಕಿಮೋ ದಿನ ಮತ್ತು ಮರುದಿನ, ಊಟವಾಗಿ ಎರಡು ಗಂಟೆ ಕಳೆದ ಮೇಲೆ ಒಮ್ಮೆ, ಸಂಜೆ ಒಮ್ಮೆ ಗ್ಲೂಕೋಮೀಟರಿನಲ್ಲಿ ನೋಡಿ ಬರೆದಿಡಿ. ಬಾಯಾರಿಕೆ ಮಿತಿಮೀರಿದರೆ, ಉಸಿರು ಜೋರಾದರೆ, ವಾಂತಿ ನಿಲ್ಲದಿದ್ದರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೆ ಆಸ್ಪತ್ರೆಗೆ ಹೋಗಿ. ಊರಿನ ಡಾಕ್ಟರಿಗೆ ಕ್ಯಾನ್ಸರ್ ಫೈಲನ್ನೂ ಕ್ಯಾನ್ಸರ್ ಡಾಕ್ಟರಿಗೆ ಶುಗರ್ ಫೈಲನ್ನೂ ತಪ್ಪದೆ ತೋರಿಸಿ.